ಏಳು ಸೀಟಿನ ಕಾರಿನ ಬಲ–ದೌರ್ಬಲ್ಯ ಅಳೆಯುವುದು ಹೇಗೆ: ಹಿಂದಿನ ಸಾಲಿನಿಂದ ಶುರುಮಾಡಿ

ದೊಡ್ಡ ಕಾರು ಕೊಂಡು ಆರು ತಿಂಗಳಿಗೆ ಪೇಚಾಡುವವರ ಮಾತು ಹೆಚ್ಚುಕಡಿಮೆ ಒಂದೇ: "ಓಡಿಸಿ ನೋಡಿಯೇ ತಗೊಂಡಿದ್ದು!" ಓಡಿಸಿದ್ದು ನಿಜ. ಆದರೆ ಪಕ್ಕದಲ್ಲಿ ಮಾರುವವರನ್ನು ಕೂರಿಸಿಕೊಂಡು, ಖಾಲಿ ಡಿಕ್ಕಿಯಲ್ಲಿ, ನುಣುಪು ರಸ್ತೆಯ ಮೇಲೆ, ಹತ್ತು ನಿಮಿಷ. ಏಳು ಜನಕ್ಕೆಂದು ಕೊಳ್ಳುವ ಗಾಡಿಯನ್ನು ಇಬ್ಬರು ಕೂತು ಪರೀಕ್ಷಿಸಿದರೆ ಅದರ ನಿಜವಾದ ಗುಣ ಹೊರಗೆ ಬರುವುದೇ ಇಲ್ಲ.

ಇನ್ನೊಂದು ತಪ್ಪು ಕ್ರಮದ್ದು. ಹೋದವರೇ ಸೀದಾ ಚಾಲಕನ ಸೀಟಿಗೆ ಹತ್ತುತ್ತೇವೆ. ದೊಡ್ಡ ಪರದೆ, ಮೆತ್ತನೆ ಸ್ಟೇರಿಂಗು, ಎತ್ತರದ ನೋಟ. ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಕಾಣುವ ಕೊರತೆಗೆಲ್ಲ "ಹೊಂದಿಕೊಂಡರಾಯಿತು" ಎನ್ನುವ ಸಮಾಧಾನ. ಆದ್ದರಿಂದ ಇಲ್ಲಿ ಕ್ರಮ ತಿರುವುಮುರುವು: ಮೊದಲು ತೂಕದ ಲೆಕ್ಕ, ಆಮೇಲೆ ಮೂರನೇ ಸಾಲು, ಎರಡನೇ ಸಾಲು, ಡಿಕ್ಕಿ. ಚಾಲಕನ ಸೀಟು ಅದಾದ ಮೇಲೆ.

ಜೊತೆಗೆ ಒಯ್ಯಬೇಕಾದ್ದು

ಅಳತೆ ಟೇಪು, ಟಾರ್ಚು, ಟೈರಿನ ಗಾಳಿ ನೋಡುವ ಗೇಜು, ಪುಟ್ಟದೊಂದು ಥರ್ಮಾಮೀಟರು, ಪೆನ್ನು–ಪುಸ್ತಕ. ಪ್ರವಾಸಕ್ಕೆ ನೀವು ನಿಜವಾಗಿ ಒಯ್ಯುವ ಸೂಟ್‌ಕೇಸುಗಳು, ಖಾಲಿಯಾದರೂ ಸರಿ. ಮಗುವಿನ ಸೀಟಿದ್ದರೆ ಅದೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಇಬ್ಬರು ಮನುಷ್ಯರು: ಮನೆಯಲ್ಲಿ ಅತಿ ಎತ್ತರ ಇರುವವರೊಬ್ಬರು, ಮಂಡಿನೋವಿನ ಹಿರಿಯರೊಬ್ಬರು. ಇವರಿಬ್ಬರೂ ಬಾರದಿದ್ದರೆ ಆ ದಿನದ ಭೇಟಿ ಮುಂದಕ್ಕೆ ಹಾಕಿ.

ಹಂತ 1: ಕಾರಿಗಿಂತ ಮುಂಚೆ ನಿಮ್ಮ ಬಳಕೆ ಬರೆಯಿರಿ

ಕಳೆದ ಹನ್ನೆರಡು ತಿಂಗಳಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಎಷ್ಟು ಸಲ ಹೋದಿರಿ? ಆಗ ಎಷ್ಟು ದೂರ, ಸಾಮಾನು ಎಷ್ಟು? ಉಳಿದ ದಿನ ಕಾರಿನಲ್ಲಿ ಎಷ್ಟು ಜನ? ಅಂದಾಜಿಗಲ್ಲ, ನೆನಪಿಸಿಕೊಂಡು ಬರೆಯಿರಿ. ವರ್ಷಕ್ಕೆ ನಾಲ್ಕು ಸಲ ಏಳು ಜನ ಹೋಗುವ ಮನೆಗೂ ವಾರಕ್ಕೆ ನಾಲ್ಕು ಸಲ ಹೋಗುವ ಮನೆಗೂ ಒಂದೇ ಕಾರಿನ ಒಂದೇ ದೌರ್ಬಲ್ಯ ಬೇರೆ ಬೇರೆ ತೂಕದ್ದು.

ಇದರ ಪಕ್ಕದಲ್ಲೇ ಕಾರು ನಿಲ್ಲಿಸುವ ಜಾಗದ ಉದ್ದ, ಅಗಲ, ಗೇಟಿನ ಕಿರಿದಾದ ಭಾಗ ಅಳೆದು ಬರೆಯಿರಿ. ಕಂಪನಿಯ ಹಾಳೆಯಲ್ಲಿರುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ತಿರುಗುವ ಅಳತೆಯಲ್ಲೂ ಎಚ್ಚರ ಬೇಕು. ಕೆಲವರು ತ್ರಿಜ್ಯ ಕೊಡುತ್ತಾರೆ, ಕೆಲವರು ವ್ಯಾಸ, 5.6 ಮೀಟರು, 11.2 ಮೀಟರು ಎರಡೂ ಒಂದೇ ಕಾರಿನದಾಗಿರಬಹುದು.

ಹಂತ 2: ತೂಕದ ಲೆಕ್ಕ ಹಾಕಿ

ಬಹುತೇಕರು ಬಿಟ್ಟುಬಿಡುವ ಹಂತ ಇದೇ. ನನ್ನನ್ನು ಕೇಳಿದರೆ ಬೇರೆಲ್ಲಕ್ಕಿಂತ ಮೊದಲು ನೋಡಬೇಕಾದ್ದೂ ಇದೇ. ಸೀಟು ಏಳಿದ್ದ ಮಾತ್ರಕ್ಕೆ ಏಳು ಜನ ಮತ್ತು ಅವರ ಸಾಮಾನನ್ನು ಹೊರುವ ಶಕ್ತಿ ಇದೆ ಎಂದಲ್ಲ.

ಬೇಕಾದದ್ದು ಎರಡು ಸಂಖ್ಯೆ. ಒಂದು, ಪೂರ್ತಿ ತುಂಬಿದ ಗಾಡಿ ಇರಬಹುದಾದ ಗರಿಷ್ಠ ತೂಕ. ಇನ್ನೊಂದು, ಖಾಲಿ ಗಾಡಿಯ ತೂಕ. ಬಳಕೆದಾರರ ಕೈಪಿಡಿಯಲ್ಲಿ, ಗಾಡಿಯ ತಗಡಿನ ಫಲಕದಲ್ಲಿ, ನೋಂದಣಿ ಕಾಗದದಲ್ಲಿ ಇವು ಸಿಗುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ನೀವು ಹೇರಬಹುದಾದ ಭಾರ.

ಉದಾಹರಣೆಗೆ ಗರಿಷ್ಠ ತೂಕ 2300 ಕೆಜಿ, ಖಾಲಿ ತೂಕ 1780 ಕೆಜಿ ಎಂದುಕೊಳ್ಳಿ. ಉಳಿಯುವುದು 520 ಕೆಜಿ. ತಲಾ 70 ಕೆಜಿಯ ಐವರು ದೊಡ್ಡವರು 350, ತಲಾ 30 ಕೆಜಿಯ ಇಬ್ಬರು ಮಕ್ಕಳು 60, ಒಟ್ಟು 410. ತಲೆಗೆ 12 ಕೆಜಿಯಂತೆ ಸಾಮಾನು 84. ಅಲ್ಲಿಗೆ 494. ಚಾವಣಿಯ ಮೇಲೊಂದು ಪೆಟ್ಟಿಗೆ ಕಟ್ಟಿ ಅದರೊಳಗೆ ಏನಾದರೂ ಇಟ್ಟಿರೋ, ಮಿತಿ ದಾಟಿತು.

ಇದರಲ್ಲಿ ಮೂರು ಕಡೆ ಎಡವುತ್ತಾರೆ. ಖಾಲಿ ತೂಕ ಎಂಬುದಕ್ಕೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಯುರೋಪಿನ ನಿಯಮದಂತೆ ಬರೆದ ತೂಕದಲ್ಲಿ 75 ಕೆಜಿಯ ಚಾಲಕ ಸೇರಿರುತ್ತಾನೆ, ಬೇರೆ ಕಡೆ ಸೇರಿರದೆ ಇರಬಹುದು. ಎರಡು ಕಾರು ಹೋಲಿಸುವಾಗ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಎರಡನೆಯದಾಗಿ, ಹಾಳೆಯಲ್ಲಿ ಇರುವುದು ಎಷ್ಟೋ ಸಲ ಕಡಿಮೆ ಸೌಕರ್ಯದ ಮಾದರಿಯ ತೂಕ. ಗಾಜಿನ ಚಾವಣಿ, ದೊಡ್ಡ ಚಕ್ರ, ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ವ್ಯವಸ್ಥೆ, ಹೀಗೆ ಸೇರಿಸಿದ ಒಂದೊಂದೂ ನಿಮ್ಮ ಭಾರದ ಪಾಲನ್ನು ತಿನ್ನುತ್ತದೆ. ದೊಡ್ಡ ಬ್ಯಾಟರಿ ಇರುವ ಎಲೆಕ್ಟ್ರಿಕ್ ಕಾರಿನಲ್ಲಂತೂ ಈ ಲೆಕ್ಕ ಹಾಕದೆ ಮುಂದೆ ಹೋಗಲೇಬೇಡಿ. ಮೂರನೆಯದು ಚಾವಣಿಯ ಮಿತಿ. ಅದು ಪ್ರತ್ಯೇಕವಾಗಿರುತ್ತದೆ, ಹಲವು ಕಾರುಗಳಲ್ಲಿ 75ರಿಂದ 100 ಕೆಜಿ. ಅದರಲ್ಲಿ ಕಂಬಿಯ ತೂಕ, ಪೆಟ್ಟಿಗೆಯ ತೂಕ ಎರಡೂ ಸೇರಿವೆ.

ಟೈರನ್ನೂ ಇಲ್ಲೇ ನೋಡಿಬಿಡಿ. ಅಳತೆಯ ಪಕ್ಕದಲ್ಲಿ ಎರಡು ಅಥವಾ ಮೂರು ಅಂಕಿಯ ಭಾರಸೂಚಿ ಇರುತ್ತದೆ. 91 ಅಂದರೆ ಒಂದು ಟೈರು 615 ಕೆಜಿ ಹೊರಬಲ್ಲದು, 95 ಅಂದರೆ 690, 100 ಅಂದರೆ 800. ಚಂದಕ್ಕೆಂದು ಟೈರು ಬದಲಿಸಿದ ಹಳೆಯ ಕಾರಿನಲ್ಲಿ ಈ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಅದು ಎಚ್ಚರಿಕೆಯ ಗಂಟೆ.

ಹಂತ 3: ಮೂರನೇ ಸಾಲಿನಲ್ಲಿ ಅರ್ಧ ಗಂಟೆ ಕೂರಿ

ಎರಡು ನಿಮಿಷವಲ್ಲ, ಅರ್ಧ ಗಂಟೆ. ಮೊದಲ ಐದು ನಿಮಿಷ ಯಾವ ಸೀಟೂ ಚೆನ್ನಾಗಿಯೇ ಇರುತ್ತದೆ.

ಮೊದಲು ಮುಂದಿನ ಸೀಟನ್ನು ನಿಮ್ಮ ಚಾಲಕನ ಎತ್ತರಕ್ಕೆ ಹೊಂದಿಸಿ. ಅದರ ಹಿಂದೆ ಎತ್ತರದವರನ್ನು ಕೂರಿಸಿ ಎರಡನೇ ಸಾಲು ಸರಿಪಡಿಸಿ. ಉಳಿದ ಜಾಗದಲ್ಲಿ ಮೂರನೇ ಸಾಲಿಗೆ ಹತ್ತಿ. ಈ ಕ್ರಮ ತಪ್ಪಿದರೆ ಪರೀಕ್ಷೆಗೆ ಅರ್ಥವಿಲ್ಲ. ಎರಡನೇ ಸಾಲನ್ನು ಪೂರ್ತಿ ಮುಂದೆ ತಳ್ಳಿ "ನೋಡಿ, ಎಷ್ಟು ಜಾಗ!" ಎಂದು ತೋರಿಸುವುದು ಹಳೆಯ ಚಮತ್ಕಾರ.

ಕೂತಾಗ ಮಂಡಿ ಎಲ್ಲಿದೆ ನೋಡಿ. ಮುಂದಿನ ಸೀಟಿಗೆ ತಾಗುವುದಕ್ಕಿಂತ ದೊಡ್ಡ ತೊಂದರೆ ಮಂಡಿ ಎದೆಯ ಕಡೆಗೆ ಏರುವುದು. ಎಷ್ಟೋ ಕಾರುಗಳಲ್ಲಿ ಸೀಟಿನಿಂದ ನೆಲಕ್ಕೆ ಎತ್ತರ ತೀರಾ ಕಡಿಮೆ. ತೊಡೆ ಸೀಟಿಗೆ ಆನುವುದೇ ಇಲ್ಲ, ಭಾರವೆಲ್ಲ ಕೂರುವ ಮೂಳೆಯ ಮೇಲೆ. ಸೀಟಿನ ತುದಿಯಿಂದ ನೆಲದವರೆಗೆ ಟೇಪು ಹಿಡಿಯಿರಿ. ಇದೇ ಅಳತೆಯನ್ನು ಎರಡನೇ ಸಾಲಿನಲ್ಲೂ ತೆಗೆದು ಹೋಲಿಸಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ತಲೆಯ ಮೇಲೆ ಎಷ್ಟು ಬೆರಳು ಜಾಗವಿದೆ? ತಲೆಯಾನಿಕೆಯನ್ನು ಮೇಲೆತ್ತಿದಾಗ ಅದರ ತುದಿ ತಲೆಯ ಮಟ್ಟಕ್ಕೆ ಬರುತ್ತದೆಯೇ, ಅಥವಾ ಕುತ್ತಿಗೆಗೇ ನಿಲ್ಲುತ್ತದೆಯೇ? ಕುತ್ತಿಗೆಗೆ ನಿಂತರೆ ಹಿಂದಿನಿಂದ ಗುದ್ದಿದಾಗ ಅದು ಕಾಪಾಡುವುದಿಲ್ಲ. ತಲೆಯ ಹಿಂಭಾಗದಿಂದ ಹಿಂದಿನ ಗಾಜಿಗೆ ಇರುವ ದೂರವನ್ನೂ ಬರೆದುಕೊಳ್ಳಿ.

ಈಗ ಹತ್ತಿ ಇಳಿಯುವುದು. ಮಂಡಿನೋವಿನವರನ್ನು ಒತ್ತಾಯಿಸಬೇಡಿ, ಅವರಷ್ಟಕ್ಕೆ ಪ್ರಯತ್ನಿಸಲಿ. ಎರಡನೇ ಸಾಲಿನ ಸೀಟು ಮಡಚಲು ಎಷ್ಟು ಕೈ ಬೇಕು? ಒಳಗೆ ಕೂತವರು ಹೊರಗಿನ ಸಹಾಯವಿಲ್ಲದೆ ಸೀಟು ತಳ್ಳಿ ಇಳಿಯಬಲ್ಲರೇ? ಅವಸರದಲ್ಲಿ ಹೊರಬರಬೇಕಾದಾಗ ಈ ಪ್ರಶ್ನೆಗೆ ಸಮಯ ಇರುವುದಿಲ್ಲ. ಎರಡನೇ ಸಾಲಿಗೆ ಮಗುವಿನ ಸೀಟು ಕಟ್ಟಿದ ಮೇಲೂ ಹತ್ತಲು ದಾರಿ ಉಳಿಯುತ್ತದೆಯೇ ಎಂಬುದು ಇನ್ನೊಂದು. ಹಲವು ಕಾರುಗಳಲ್ಲಿ ಉಳಿಯುವುದಿಲ್ಲ. ಮಗುವಿನ ಸೀಟು ಬಿಚ್ಚಿದರೆ ಮಾತ್ರ ಹಿಂದಕ್ಕೆ ದಾರಿ.

ಕೊನೆಗೆ ಗಾಳಿ. ಸಾಧ್ಯವಾದರೆ ಬಿಸಿಲಿನಲ್ಲಿ ನಿಂತ ಕಾರಿನಲ್ಲೇ ನೋಡಿ. ಥರ್ಮಾಮೀಟರನ್ನು ಮೂರನೇ ಸಾಲಿನಲ್ಲಿ ಇಟ್ಟು ಎಸಿ ಹಾಕಿ, ಹತ್ತು ನಿಮಿಷದ ನಂತರ ಮುಂದಿನ ಸಾಲಿನ ಉಷ್ಣತೆಗೂ ಅಲ್ಲಿಯದಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆಯಿರಿ. ಗಾಳಿಯ ಕಿಂಡಿ ಕಂಡಿತೆಂದು ಸುಮ್ಮನಾಗಬೇಡಿ. ಕೆಲವು ಕಾರಿನಲ್ಲಿ ಅದರ ಹಿಂದೆ ಇರುವುದು ಒಳಗಿನ ಗಾಳಿಯನ್ನೇ ತಿರುಗಿಸುವ ಫ್ಯಾನು ಮಾತ್ರ. ತಂಪು ಮಾಡುವ ಸುರುಳಿ ಇರುವುದಿಲ್ಲ.

ಹಂತ 4: ಎರಡನೇ ಸಾಲು

ದಿನನಿತ್ಯ ಹೆಚ್ಚು ಬಳಕೆಯಾಗುವುದು ಇದೇ ಸಾಲು. ಮೂವರು ದೊಡ್ಡವರನ್ನು ಒಟ್ಟಿಗೆ ಕೂರಿಸಿ, ಮೂವರೂ ಬೆಲ್ಟು ಹಾಕಿಕೊಳ್ಳಲಿ. ಬಕಲು ಸಿಗದೆ ತಡಕಾಡುತ್ತಾರೆಯೇ? ನಡುವಿನವರ ಕಾಲಿನ ಕೆಳಗೆ ದಿಬ್ಬವಿದೆಯೇ? ನಡುವಿನ ಬೆಲ್ಟು ಹೆಗಲ ಮೇಲೂ ಹಾಯುವ ಮೂರು ಬಿಂದುವಿನದೋ, ಸೊಂಟಕ್ಕೆ ಮಾತ್ರವೋ? ಸೊಂಟದ್ದು ಮಾತ್ರವಾದರೆ ಆ ಸೀಟನ್ನು ನಿಮ್ಮ ಲೆಕ್ಕದಿಂದ ತೆಗೆದುಹಾಕಿ.

ಮಕ್ಕಳಿದ್ದರೆ ಐಸೊಫಿಕ್ಸ್ ಕೊಂಡಿಗಳನ್ನು, ಅಂದರೆ ಮಗುವಿನ ಸೀಟನ್ನು ಕಾರಿನ ಸೀಟಿಗೆ ಸಿಕ್ಕಿಸುವ ಲೋಹದ ಕೊಂಡಿಗಳನ್ನು, ಬೆರಳಿನಿಂದಲೇ ಹುಡುಕಿ. ಒಂದು ಸೀಟಿಗೆ ಎರಡು, ನಡುವಿನ ಅಂತರ 280 ಮಿಲಿಮೀಟರು. ಮೇಲಿನ ಪಟ್ಟಿ ಕಟ್ಟುವ ಮೂರನೇ ಕೊಂಡಿ ಎಲ್ಲಿದೆ ಎಂದೂ ನೋಡಿ. ಅದು ಡಿಕ್ಕಿಯ ನೆಲದಲ್ಲಿದ್ದರೆ ಪಟ್ಟಿ ಮೂರನೇ ಸಾಲಿನವರ ಜಾಗಕ್ಕೆ ಅಡ್ಡ ಬರುತ್ತದೆ. ಮೂರು ಮಗುವಿನ ಸೀಟು ಸಾಲಾಗಿ ಇಡುವ ಯೋಚನೆ ಇದ್ದರೆ ಅಳತೆ ನಂಬಬೇಡಿ, ಮೂರನ್ನೂ ತಂದು ಕಟ್ಟಿ ನೋಡಿ. ಬಾಗಿಲ ಒಳಮೈಯ ಉಬ್ಬು, ಬಕಲಿನ ಜಾಗ ಇವು ಟೇಪಿಗೆ ಸಿಗುವುದಿಲ್ಲ.

ಎರಡನೇ ಸಾಲಿನಲ್ಲಿ ಬೇರೆ ಬೇರೆ ಎರಡೇ ಸೀಟು ಇರುವ ಮಾದರಿ ಕೂರಲು ಸುಖ, ನಡುವೆ ಹಾದು ಹಿಂದಕ್ಕೆ ಹೋಗುವುದೂ ಸುಲಭ. ಆದರೆ ಐದನೆಯವರು ಬಂದ ಕೂಡಲೇ ಯಾರಾದರೂ ಮೂರನೇ ಸಾಲಿಗೆ ಹೋಗಲೇಬೇಕು, ಡಿಕ್ಕಿ ಅರ್ಧ ಹೋಯಿತು. ಶೋರೂಮಿನಲ್ಲಿ ಈ ಸೀಟುಗಳಿಗೆ ಮರುಳಾಗದವರು ಕಡಿಮೆ.

ಹಂತ 5: ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯಬೇಡಿ

ಡಿಕ್ಕಿಯ ಲೀಟರು ಲೆಕ್ಕವನ್ನು ಬಹಳಷ್ಟು ಕಂಪನಿಗಳು 200×100×50 ಮಿಲಿಮೀಟರಿನ ಇಟ್ಟಿಗೆಯಾಕಾರದ ತುಂಡುಗಳನ್ನು ಜೋಡಿಸಿ ತೆಗೆಯುತ್ತವೆ; ಒಂದು ತುಂಡು ಒಂದು ಲೀಟರು. ಸೂಟ್‌ಕೇಸು ಹೊಗದ ಸಂದಿಯಲ್ಲೂ ಈ ತುಂಡು ಹೊಗುತ್ತದೆ. ಜೊತೆಗೆ ಒಬ್ಬರು ಗಾಜಿನ ಕೆಳಗಂಚಿನವರೆಗೆ, ಇನ್ನೊಬ್ಬರು ಚಾವಣಿಯವರೆಗೆ ಎಣಿಸಿರುತ್ತಾರೆ. ಹಾಗಾಗಿ ಆ ಅಂಕಿಗಿಂತ ನಿಮ್ಮ ಸೂಟ್‌ಕೇಸೇ ನಂಬಲರ್ಹ.

ಮೂರು ಸ್ಥಿತಿಯಲ್ಲೂ ತುಂಬಿ ನೋಡಿ: ಮೂರೂ ಸಾಲು ಎತ್ತಿದಾಗ, ಮೂರನೆಯದು ಮಡಚಿದಾಗ, ಅದರ ಅರ್ಧ ಮಾತ್ರ ಮಡಚಿದಾಗ. ಆರು ಜನ ಹೋಗುವಾಗ ಕೈಹಿಡಿಯುವುದು ಕೊನೆಯದು. ಮಡಚಿದ ಸೀಟು ಸಮತಟ್ಟಾಗುತ್ತದೆಯೋ, ಇಳಿಜಾರಾಗಿ ನಿಲ್ಲುತ್ತದೆಯೋ? ತಲೆಯಾನಿಕೆ ಕಿತ್ತಿಡಬೇಕೋ? ನಮ್ಮ ಹಳೆಯ ಗಾಡಿಯಲ್ಲಿ ಹಾಗೆ ಕಿತ್ತ ತಲೆಯಾನಿಕೆಗಳು ಮನೆಯ ಕಪಾಟಿನಲ್ಲೇ ಉಳಿದು, ಬರುವಾಗ ಇಬ್ಬರನ್ನು ಅವಿಲ್ಲದೆ ಕೂರಿಸಿಕೊಂಡು ಬಂದಿದ್ದೇವೆ. ಮಾಡಬಾರದ ಕೆಲಸ.

ಸ್ಟೆಪ್ನಿ ಎಲ್ಲಿದೆ ಕೇಳಿ. ಡಿಕ್ಕಿ ತುಂಬಿರುವಾಗ ಸಾಮಾನೆಲ್ಲ ರಸ್ತೆಗೆ ಇಳಿಸದೆ ಅದನ್ನು ತೆಗೆಯಲು ಬರುತ್ತದೆಯೇ? ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ಟು ಮಾತ್ರ ಕೊಟ್ಟಿದ್ದಾರೆಯೇ? ಟೈರಿನ ಪಕ್ಕ ಸೀಳಿದರೆ ಕಿಟ್ಟು ಕೆಲಸಕ್ಕೆ ಬಾರದು.

ಹಂತ 6: ತುಂಬಿಸಿ ಓಡಿಸಿ

ಜನ ಹೊಂದಿಸಲು ಆಗದಿದ್ದರೆ ನೀರಿನ ಕ್ಯಾನು ಸಾಕು: 20 ಲೀಟರು ಅಂದರೆ 20 ಕೆಜಿ. ಸೀಟಿನ ಮೇಲೆ ಅಥವಾ ಕಾಲಿಡುವ ಜಾಗದಲ್ಲಿ ಬಿಗಿಯಾಗಿ ಕಟ್ಟಿ, ಬ್ರೇಕು ಹಾಕಿದಾಗ ಹಾರಬಾರದು. ಮಾರುವವರು ಭಾರ ಹೇರಲು ಒಪ್ಪದಿದ್ದರೆ ಅದೇ ಮಾದರಿಯನ್ನು ಒಂದು ದಿನ ಬಾಡಿಗೆಗೆ ತೆಗೆದುಕೊಳ್ಳಿ. ತಪ್ಪು ಕಾರು ಕೊಳ್ಳುವ ನಷ್ಟದ ಮುಂದೆ ಆ ಬಾಡಿಗೆ ಏನೂ ಅಲ್ಲ.

ಹೊರಡುವ ಮುಂಚೆ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿ ನೋಡಿ. ಹಲವು ಕಾರುಗಳಲ್ಲಿ ಗಾಳಿಯ ಒತ್ತಡಕ್ಕೆ ಎರಡು ಸಾಲು ಇರುತ್ತದೆ, ಒಂದು ಕಡಿಮೆ ಭಾರಕ್ಕೆ, ಒಂದು ಪೂರ್ತಿ ಭಾರಕ್ಕೆ. ಪೂರ್ತಿ ಭಾರದ ಒತ್ತಡ ತುಂಬಿಸದೆ ಓಡಿಸಿ "ಹಿಂದೆ ತೂಗಾಡುತ್ತದೆ" ಎಂದರೆ ತಪ್ಪು ಕಾರಿನದಲ್ಲ.

ಒಂದೇ ದಾರಿಯನ್ನು ಎರಡು ಸಲ ಸುತ್ತಿ: ಮೊದಲು ಖಾಲಿ, ಆಮೇಲೆ ತುಂಬಿಸಿ. ದಾರಿಯಲ್ಲಿ ಏರು, ಕೆಟ್ಟ ರಸ್ತೆ, ವೇಗದ ರಸ್ತೆ, ಇಕ್ಕಟ್ಟಾದ ತಿರುವು ನಾಲ್ಕೂ ಇರಲಿ.

ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಹಿಂದಕ್ಕೆ ಜಾರಿತೇ? ಕ್ಲಚ್ಚಿನ ವಾಸನೆ ಬಂತೇ? ಜೋಡಿ ಕ್ಲಚ್ಚಿನ ಆಟೋಮ್ಯಾಟಿಕ್ ಆದರೆ ಏರಿನಲ್ಲಿ ತೆವಳುವ ಸಂಚಾರದಲ್ಲಿ ಐದು ನಿಮಿಷ ಓಡಿಸಿ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನವು ಇಲ್ಲಿ ಬೇಗ ಬಿಸಿಯಾಗುತ್ತವೆ. ಖಾಲಿ ಕಾರಿನಲ್ಲಿ ಚುರುಕಾಗಿದ್ದ ಸಣ್ಣ ಟರ್ಬೊ ಎಂಜಿನ್ನು ತುಂಬಿದಾಗ ಕಡಿಮೆ ವೇಗದಲ್ಲಿ ಏದುಸಿರು ಬಿಡುತ್ತದೆಯೇ ಎಂದು ಗಮನಿಸಿ.

ಬ್ರೇಕು ಬಹಳ ಮುಖ್ಯ. 1780 ಕೆಜಿಯ ಗಾಡಿಗೆ 500 ಕೆಜಿ ಸೇರಿದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು 28 ಶೇಕಡಾ ಹೆಚ್ಚು. ವೇಗ 60ರಿಂದ 80ಕ್ಕೆ ಏರಿದರೆ ಅದು 78 ಶೇಕಡಾ ಹೆಚ್ಚು, ಯಾಕೆಂದರೆ ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುತ್ತದೆ. ಉದ್ದನೆಯ ಇಳಿಜಾರು ಇಳಿದ ಮೇಲೆ ಪೆಡಲು ಮೆತ್ತಗಾಗಿದೆಯೇ, ಹಿಂದಿಗಿಂತ ಕೆಳಗೆ ಇಳಿಯುತ್ತಿದೆಯೇ, ಸುಟ್ಟ ವಾಸನೆ ಇದೆಯೇ? ಇದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಮಾತ್ರ ಜೋರು ಬ್ರೇಕು ಹಾಕಿ ನೋಡಿ.

ಸಸ್ಪೆನ್ಷನ್ ವಿಷಯದಲ್ಲಿ ಎರಡು ಥರದ ಕಾರುಗಳಿವೆ. ಭಾರಕ್ಕೆಂದೇ ಬಿಗಿ ಮಾಡಿದವು ಖಾಲಿಯಿದ್ದಾಗ ಕುಪ್ಪಳಿಸುತ್ತವೆ, ತುಂಬಿದಾಗ ಸುಖ. ಶೋರೂಮಿನ ಸುತ್ತಿಗೆಂದೇ ಮೆತ್ತಗೆ ಮಾಡಿದಂತೆ ಇರುವವು ತುಂಬಿದಾಗ ಹಿಂದೆ ಕುಸಿದು ರಸ್ತೆಯುಬ್ಬಿಗೆ ತಳ ತಾಗಿಸುತ್ತವೆ. ಭಾರ ಹೇರುವ ಮುಂಚೆ, ಆಮೇಲೆ, ಹಿಂದಿನ ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಅಳೆದು ಬರೆಯಿರಿ. ಎರಡು ಕಾರು ಹೋಲಿಸಲು ಇದಕ್ಕಿಂತ ನೇರವಾದ ಅಳತೆ ಸಿಗದು. ಹಿಂಭಾಗ ಕುಸಿದರೆ ದೀಪದ ಬೆಳಕೂ ಮೇಲಕ್ಕೇಳುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ; ದೀಪ ತಗ್ಗಿಸುವ ಗುಂಡಿ ಇದೆಯೇ, ತಾನಾಗಿ ತಗ್ಗುತ್ತದೆಯೇ ನೋಡಿ.

ಈ ಸುತ್ತಿನ ಅರ್ಧ ದಾರಿ ನೀವು ಹಿಂದೆ ಕೂರಿ, ಬೇರೆಯವರು ಓಡಿಸಲಿ. ಮುಂದಿನವರೊಂದಿಗೆ ಸಾಮಾನ್ಯ ದನಿಯಲ್ಲಿ ಮಾತಾಡಿ ನೋಡಿ. ಹತ್ತು ನಿಮಿಷಕ್ಕೇ ತಲೆ ಸುತ್ತಿದರೆ, ಬೇಗ ವಾಂತಿ ಬರುವ ಮಕ್ಕಳನ್ನು ಅಲ್ಲಿ ಕೂರಿಸುವ ಆಸೆ ಬಿಡಿ.

ಹಂತ 7: ಸುರಕ್ಷತೆಯ ಹಾಳೆ ಓದಿ

ಅಪಘಾತ ಪರೀಕ್ಷೆಯಲ್ಲಿ ಕಾರಿಗೆ ಸಿಕ್ಕ ನಕ್ಷತ್ರ ಎಣಿಸುವ ಮುಂಚೆ ಆ ಪರೀಕ್ಷೆಯ ವರ್ಷ ನೋಡಿ. ನಿಯಮಗಳು ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತವೆ. ಹತ್ತು ವರ್ಷ ಹಿಂದಿನ ಐದು ನಕ್ಷತ್ರವೂ ಇವತ್ತಿನ ಐದೂ ಒಂದೇ ಅಲ್ಲ. ಅಪಘಾತ ಪರೀಕ್ಷೆಯಲ್ಲಿ ಬೊಂಬೆಗಳನ್ನು ಸಾಮಾನ್ಯವಾಗಿ ಮುಂದಿನ ಎರಡು ಸಾಲಿನಲ್ಲಿ ಕೂರಿಸುತ್ತಾರೆ. ಅಂದರೆ ಆ ನಕ್ಷತ್ರಗಳು ಮೂರನೇ ಸಾಲಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಆದ್ದರಿಂದ ಕೈಪಿಡಿ ತೆಗೆದು ನೀವೇ ನೋಡಿ: ಅಪಘಾತವಾದಾಗ ಕಿಟಕಿಗಳ ಉದ್ದಕ್ಕೂ ಪರದೆಯಂತೆ ಇಳಿಯುವ ಪಕ್ಕದ ಏರ್‌ಬ್ಯಾಗು ಮೂರನೇ ಸಾಲಿನವರೆಗೆ ಚಾಚುತ್ತದೆಯೇ, ಅಲ್ಲಿ ಬೆಲ್ಟು ಹಾಕದಿದ್ದರೆ ಎಚ್ಚರಿಸುತ್ತದೆಯೇ, ಗಾಡಿ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ ನೀವು ಕೊಳ್ಳುವ ಮಾದರಿಯಲ್ಲೇ ಇದೆಯೇ. ಎತ್ತರದ, ತುಂಬಿದ ಗಾಡಿಗೆ ಈ ಕೊನೆಯದು ಇಲ್ಲದಿದ್ದರೆ ನಾನಂತೂ ಮುಂದಿನ ಮಾತಿಗೇ ಹೋಗುವುದಿಲ್ಲ.

ಹಂತ 8: ಎಂಜಿನ್ನು ನಿಮ್ಮ ಓಡಾಟಕ್ಕೆ ಹೊಂದುತ್ತದೆಯೇ

ಹಂತ 1ರಲ್ಲಿ ಬರೆದದ್ದನ್ನು ಈಗ ತೆಗೆಯಿರಿ. ದಿನಕ್ಕೆ ನಾಲ್ಕೈದು ಕಿಲೋಮೀಟರಿನ ಓಡಾಟವೇ ಹೆಚ್ಚಾದರೆ ಹೊಸ ಡೀಸೆಲ್ ಕಾರು ತಲೆನೋವು: ಹೊಗೆಯ ಮಸಿ ಹಿಡಿಯುವ ಜಾಲರಿ ಸ್ವಚ್ಛವಾಗಲು ಎಂಜಿನ್ನು ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ನಿಂತು ಹೊರಡುವ ಸಂಚಾರದಲ್ಲಿ ಹೈಬ್ರಿಡ್ಡು ಇಂಧನ ಉಳಿಸುತ್ತದೆ, ಒಂದೇ ವೇಗದ ಉದ್ದ ಪ್ರಯಾಣದಲ್ಲಿ ಆ ಲಾಭ ಕರಗುತ್ತದೆ. ಎಲೆಕ್ಟ್ರಿಕ್ಕಿನಲ್ಲಿ ಹೇಳಿದ ದೂರವನ್ನು ಹೆದ್ದಾರಿ ವೇಗ, ಚಳಿ ಮತ್ತು ಚಾವಣಿಯ ಪೆಟ್ಟಿಗೆ ಮೂರೂ ಕಡಿಮೆ ಮಾಡುತ್ತವೆ.

ಮೈಲೇಜನ್ನು ಪರದೆಯಲ್ಲಿ ನೋಡಿ ನಂಬಬೇಡಿ. ಬಾಡಿಗೆಗೆ ತಂದ ದಿನ ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ಖರ್ಚಿನ ಪಟ್ಟಿಗೆ ಟೈರನ್ನು ಮರೆಯದೆ ಸೇರಿಸಿ. ಭಾರದ ಗಾಡಿಯ ದೊಡ್ಡ ಅಳತೆಯ ಟೈರು ಒಂದು ಜೊತೆಗೆ ಎಷ್ಟು ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ.

ಹಂತ 9: ಹಳೆಯ ಕಾರಾದರೆ ಇಷ್ಟು ಹೆಚ್ಚು

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ಕಮಾನಿನ ಎತ್ತರ ಅಳೆಯಿರಿ. ಹಿಂದಿನ ಎರಡರಲ್ಲಿ ಒಂದು ಕಡೆ ಕುಸಿದಿದ್ದರೆ ಸ್ಪ್ರಿಂಗು ಸೋತಿದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಜೋಡಣೆ ಕೆಟ್ಟಿದೆ.

ಮೂರನೇ ಸಾಲಿನ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಹಳಿಯ ಮೇಲೆ ತುಕ್ಕು, ಚಾಪೆಯ ಕೆಳಗೆ ಮುಗ್ಗುಲು ವಾಸನೆ, ಈ ಮೂರರಲ್ಲಿ ಎರಡು ಸಿಕ್ಕರೂ ಗಾಡಿ ನೀರಿನಲ್ಲಿ ನಿಂತಿರುವ ಶಂಕೆ ಬಲವಾಗುತ್ತದೆ. ಅಂಥದ್ದನ್ನು ಬೆಲೆ ಇಳಿಸಿದರೂ ಮುಟ್ಟಬೇಡಿ. ಡಿಕ್ಕಿ ಬಾಗಿಲು ಅರ್ಧದಲ್ಲಿ ಇಳಿದುಬರುತ್ತದೆಯೇ, ಜಾರುಬಾಗಿಲು ಕಡೆಯವರೆಗೂ ಸರಾಗವಾಗಿ ಸರಿಯುತ್ತದೆಯೇ, ಹಿಂದಿನ ಎಸಿ ನಿಜಕ್ಕೂ ತಂಪು ಕೊಡುತ್ತದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಹಂತ 10: ದೌರ್ಬಲ್ಯಗಳನ್ನು ವಿಂಗಡಿಸಿ

ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಸ್ಪೀಕರಿಗೆ ಸಿಕ್ಕ ಅಂಕ ಸಾಲದ ಭಾರಮಿತಿಯನ್ನು ಮುಚ್ಚಿಹಾಕುತ್ತದೆ. ಬದಲಿಗೆ ಬರೆದುಕೊಂಡ ಕೊರತೆಗಳ ಎದುರು ಮೂರರಲ್ಲಿ ಒಂದು ಗುರುತು ಹಾಕಿ.

"ಬದಲಾಗದ್ದು": ಭಾರಮಿತಿ, ಮೂರನೇ ಸಾಲಿನ ನೆಲದ ಎತ್ತರ, ಅಗಲ, ಏರ್‌ಬ್ಯಾಗಿನ ವ್ಯಾಪ್ತಿ, ಹಿಂದಿನ ಎಸಿ. "ಹಣದಿಂದ ಸರಿಹೋಗುವುದು": ಟೈರು, ಸವೆದ ಬ್ರೇಕು ಪ್ಯಾಡು, ಹಿಂದಿನ ಕ್ಯಾಮೆರಾ. "ರೂಢಿಯಾಗುವುದು": ಗುಂಡಿಗಳ ಜಾಗ, ಪರದೆಯ ನಿಧಾನ, ಗಾಡಿಯ ಉದ್ದ. ಬದಲಾಗದ್ದರ ಪಟ್ಟಿಯಲ್ಲಿ ಇರುವ ಒಂದೊಂದನ್ನೂ ಹಂತ 1ರ ಬಳಕೆಗೆ ಹಿಡಿದು ನೋಡಿ. ವರ್ಷಕ್ಕೆ ನಾಲ್ಕು ದಿನ ಕಾಡುವ ಇಕ್ಕಟ್ಟನ್ನು ಸಹಿಸಬಹುದು, ಅಥವಾ ಆ ನಾಲ್ಕು ದಿನ ದೊಡ್ಡ ಗಾಡಿಯನ್ನು ಬಾಡಿಗೆಗೆ ತಂದು, ಉಳಿದ ದಿನಕ್ಕೆ ಸಣ್ಣ ಕಾರೇ ಸಾಕು ಎಂಬ ತೀರ್ಮಾನಕ್ಕೂ ಬರಬಹುದು. ದಿನಾ ಕಾಡುವಂಥದ್ದಾದರೆ ಬೇರೆ ಮಾದರಿ ನೋಡಿ.

ಪಟ್ಟಿ ಮುಗಿದ ಮೇಲೆ ಅದನ್ನು ಮೂರನೇ ಸಾಲಿನಲ್ಲಿ ಕೂತವರ ಕೈಗೆ ಕೊಟ್ಟು, ಬಿಟ್ಟುಹೋದದ್ದು ಏನಾದರೂ ಇದೆಯೇ ಕೇಳಿ. ಅವರು ಒಪ್ಪಿದ ಮೇಲೆ ಮುಂಗಡ ಕೊಡಿ.